ಬೆಚ್ಚಗ ಅಂದ್ರ

ಹುಮನಾಬಾದಿನ ಶಾದಿಮಹಲಿನಾಗ ನನಗ ಕೊಟ್ಟ ಕೆಲಸ ಇಷ್ಟೇ:
ಹನ್ನೊಂದು ಸ್ಟೀಲ್ ಪಾತ್ರಿ, ಪಾತ್ರಿ ಕೆಳಗ ನೀರು,
ನೀರಿನ ಕೆಳಗ ಅಂಗೈಯಷ್ಟು ಉರಿ.
ಆರದಂಗ ನೋಡ್ಕೋ ಅಂದಿದ್ರು ಮಕಬೂಲ್ ಉಸ್ತಾದ್.

ಮೇ ತಿಂಗಳು. ಗೋಡಿ ಮುಟ್ಟಿದ್ರ ಗೋಡಿ ಸುಡತದ,
ನಳದ ನೀರು ಚಹಾಕ್ಕ ಇಟ್ಟಂಗ ಬರತದ.
ಇಂಥಾ ಊರಾಗ ಅನ್ನಕ್ಕ ಬೆಂಕಿ ಕಾವಲು ಯಾಕಂತ
ಮೊದಲನೇ ದಿನ ಕೇಳಿದ್ದೆ.
ಉಸ್ತಾದ್ ನಗಲಿಲ್ಲ.
‘ಬಿಸಲು ಅಡಗಿ ಮಾಡೂದಿಲ್ಲ ಮಗಾ, ಹಳಸತದ.’

ಹಗಲಾಗ ಆ ನೀಲಿ ಉರಿ ಕಣ್ಣಿಗಿ ಕಾಣೂದಿಲ್ಲ.
ಫ್ಯಾನಿನ ಗಾಳಿಗಿ ಯಾವದು ಆರ್ತು, ಯಾವಾಗ ಆರ್ತು
ತಿಳೀಬೇಕಂದ್ರ ಮುಂಗೈ ಒಡ್ಡಬೇಕು.
ಬಾಗಿ, ಒಡ್ಡಿ, ಮತ್ತ ಬಾಗಿ.
ನೋಡಿದವರು, ಹುಡುಗ ಎಲ್ಲಾರಿಗೂ ಸಲಾಮ್ ಹೊಡೀಲತ್ತಾನ ಅಂದ್ರು.

ಬಾರಾತು ಜಹೀರಾಬಾದಿನಿಂದ ಬರಬೇಕು.
ಹನ್ನೆರಡಕ್ಕ ಅಂದಿದ್ರು. ಒಂದಾಯ್ತು.
ಬಸ್ಸಿನ ಟೈರು ಅಂದ್ರು. ಎರಡಾಯ್ತು.
ಮುಚ್ಚಳ ತೆಗೀಬ್ಯಾಡ್ರೋ ಅಂತ ಹುಡುಗರಿಗಿ ಒದರೂದ್ರಾಗ
ಉರಿಡಬ್ಬಿ ಒಂದೊಂದೇ ಖಾಲಿ ಆದ್ವು,
ತರಾಕ ಹೋದ ಅಜೀಮ ಹೋದಂವ ಹೋದ.
ಶಾಖಾಹಾರಿ ಮೇಜಿನ ಮಲಕಮ್ಮಗ ಮಾತ್ರ ಚಿಂತಿಯಿಲ್ಲ:
ಬುಟ್ಟಿ ತುಂಬ ಕಡಕ್ ರೊಟ್ಟಿ, ಮ್ಯಾಲ ಹಳೀ ಸೀರಿ ನಾಕು ಮಡಿಕಿ.
‘ನಂದು ತಿಂಗಳು ನಿಂದರತದ’ ಅಂತ
ಎಲಿಗಿ ಸುಣ್ಣ ಹಚ್ಚಲತ್ತಿದ್ಳು.

ಮೂರೂ ಕಾಲಿಗಿ ಬಾಜಾ ಕೇಳ್ತು.
ಉಸ್ತಾದ್ ಖುರ್ಮಾದ ಒಂದು ಹನಿ
ಮುಂಗೈ ಮ್ಯಾಲ ಬಿಟ್ಕೊಂಡ್ರು.
ಸುಡಲಿಲ್ಲ.

‘ಬೆಚ್ಚಗ ಅದಲ್ಲ, ಬಡಸ್ರಿ’ ಅಂದ್ರು ಹೆಣ್ಣಿನ ಅಪ್ಪ.
‘ಅದಕ್ಕೇ ಬಡಸೂದಿಲ್ಲ ಭಾಯಿ.
ಸುಡೂದು ನಂಬಬಹುದು, ಕೊರೆಯೂದೂ ನಂಬಬಹುದು.
ಬೆಚ್ಚಗಿದ್ದದ್ದು ಎರಡೂ ಕಡಿ ನಗತದ.’

ಹಿತ್ತಲದಾಗ ತೆಗ್ಗು ತೋಡಿದೆವು.
ಆರು ಮರಿಗಳ ಖುರ್ಮಾ. ಏಲಕ್ಕಿ ವಾಸನಿ ಇನ್ನೂ ಇತ್ತು.
ನಾಯಿಗೂ ಹಾಕಬ್ಯಾಡ ಅಂದ್ರು, ತಾವೇ ಮಣ್ಣು ಎಳೆದ್ರು,
ಎಳೆಯೂವಾಗ ಒಂದ್ಸಲ ಮುಖ ತಿರುಗಿಸಿದ್ರು.
ಬೀಗರಿಗಿ ಅವತ್ತು ಸಿಕ್ಕಿದ್ದು ಹೊಸದಾಗಿ ಕುದಿಸಿದ ಬ್ಯಾಳಿ, ಬಗಾರಾ ಅನ್ನ,
ಮತ್ತ ಮಲಕಮ್ಮನ ರೊಟ್ಟಿ.
ಬೈಗುಳ ಎಲ್ಲಾ ಉಸ್ತಾದರಿಗಿ. ಲೆಕ್ಕದಾಗ ಮುರಕೊಂಡದ್ದು ಬ್ಯಾರೆ.

ಯಾರ ಹೊಟ್ಟಿಯೂ ನೋಯಲಿಲ್ಲ.
ನೋಯದ ಹೊಟ್ಟಿ ಯಾರ ಹೆಸರೂ ನೆನಸೂದಿಲ್ಲ.

ಆ ಗಂಡು ಹೆಣ್ಣಿನ ಹೆಸರು ನನಗೂ ಮರ್ತದ.
ಬಲಗಡಿ ಮುಂಗೈ ಮ್ಯಾಲ
ಎರಡು ಬೆರಳಗಲ
ಇನ್ನೂ ಕೂದಲು ಬಂದಿಲ್ಲ.