ಮಾಫಿ

ಜೆಲ್ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿಡಿ ಅಂತ
ಮೊದಲ ಪಾಠ ಹೇಳುತ್ತೇನೆ ಪ್ರತಿ ವರ್ಷ.
ಬರೆದುಕೊಳ್ಳುವುದಿಲ್ಲ ಯಾರೂ.
ಪರೀಕ್ಷೆಗೆ ಬರುವುದಿಲ್ಲವಲ್ಲ, ತಣ್ಣನೆಯ ಜೆಲ್ಲು ತಾಗಿದಾಗ
ಹೊಟ್ಟೆ ಹೇಗೆ ಬೆಚ್ಚುತ್ತದೆ ಅನ್ನುವುದು.

ನಾನು ಕಲಿತದ್ದು ದಾವಣಗೆರೆಯಲ್ಲಿ, ಫಾರ್ಮಲಿನ್ನಿಗೆ ಕಣ್ಣುರಿಸಿಕೊಂಡು.
ಹನ್ನೊಂದನೇ ಮೇಜು. ಹೆಬ್ಬೆರಳಿಗೆ ತಗಡಿನ ಬಿಲ್ಲೆ.
ಒಂದೂವರೆ ವರ್ಷ ಆ ಮನುಷ್ಯನನ್ನು ಪದರ ಪದರ ಬಿಡಿಸಿದೆವು,
ಒಂದು ಸಲವೂ ಕೇಳಲಿಲ್ಲ, ನೋವಾಯಿತೆ ಎಂದು.
ಕೇಳುವ ಅಭ್ಯಾಸ ಅಲ್ಲಿ ಬೆಳೆಯುವುದಿಲ್ಲ.

ಇಲ್ಲಿ ಸೊಹಾರಿನಲ್ಲಿ, ಮಂಗಳವಾರ, ಎರಡನೇ ಮಹಡಿ,
ಹೊರಗೆ ನಲವತ್ತಾರು ಡಿಗ್ರಿ, ಒಳಗೆ ಸ್ವೆಟರು.
ಅಂಗಿ ಬಿಚ್ಚಿ ಮಲಗಿದ್ದಾನೆ ಸಂಜೀವ ಮೊಗೇರ, ಗಂಗೊಳ್ಳಿಯವನು,
ಕಾಲೇಜಿನ ಸ್ಟೋರಿನಲ್ಲಿ ಕೆಲಸ,
ಹೊಟ್ಟೆ ತೋರಿಸಿದ ತಾಸಿಗೆ ಮೂರು ರಿಯಾಲು ಹೆಚ್ಚು.
ಬೆಳಗ್ಗಿಂದ ಏನೂ ತಿನ್ನಬೇಡ ಅಂದಿದ್ದೆ.
ತಿಂದಿದ್ದಾನೆ. ಪಿತ್ತಕೋಶ ಮುದುಡಿಕೊಂಡು ಚಾಡಿ ಹೇಳುತ್ತಿದೆ.
"ಅರ್ಧ ಖುಬೂಸ್ ಅಷ್ಟೇ ಮರಾಯ್ರೆ."

ಪರದೆಯತ್ತ ಕತ್ತು ತಿರುಗಿಸಿ ಅವನೇ ಮೊದಲು ಗುರುತಿಸಿದ:
"ಇದ್ ನಮ್ಮ ಬೋಟಂಗಿಪ್ಪ ಮೀನ್ ಕಾಂಬ ಮಿಷನ್ನೇ ಅಲ್ದಾ?"
ಹೌದು, ಅದೇ. ಕೂಗು ಹಾಕಿ, ಮರುದನಿ ಬರುವ ಹೊತ್ತನ್ನು ಎಣಿಸಿ
ಆಳ ಹೇಳುವ ಉಪಾಯ.
ಹತ್ತು ಮಾರು ಕೆಳಗೆ ಬಂಗುಡೆಯ ಹಿಂಡು,
ಹನ್ನೆರಡು ಸೆಂಟಿಮೀಟರು ಕೆಳಗೆ ಬೆನ್ನೆಲುಬು.

ಬಲಗಡೆ ಸಲೀಸು. ಯಕೃತ್ತು ಕಿಟಕಿ ತೆರೆದು ಕೊಡುತ್ತದೆ,
ಅದರಾಚೆ ಮೂತ್ರಪಿಂಡ, ಕೊಂಚ ದೊಡ್ಡದೇ,
ಉಸಿರಿಗೆ ಮೇಲೆ ಕೆಳಗೆ ಜಾರುತ್ತ.
ಕೊಂಚ ದೊಡ್ಡದೇ. ಕಂಡೂ ಮುಂದೆ ಹೋದೆ.

ಎಡಗಡೆ ಥುರಯ್ಯಾಳ ಸರದಿ.
ಗ್ಲೌಸು ತೊಟ್ಟು, ಬಿಸ್ಮಿಲ್ಲಾ ಅಂದು, ಪಕ್ಕೆಲುಬಿನ ಸಂದಿಗೆ ಒತ್ತಿದಳು.
ಗುಲ್ಮ ಸಿಕ್ಕಿತು. ಅದರ ಕೆಳಗೆ ಕರುಳಿನ ಗಾಳಿ, ಬೂದಿ ಎರಚಿದ ಹಾಗೆ.
ಕೈ ಹಿಂದೆ ಸರಿಸು, ಅಂದೆ. ಇನ್ನೂ ಹಿಂದೆ. ಗೆಣ್ಣು ಮಂಚಕ್ಕೆ ತಾಗಲಿ.
ಉಸಿರು ಹಿಡಿದ ಸಂಜೀವ. ಬಿಟ್ಟ. ಹಿಡಿದ.
ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.
"ದಕ್ತೂರಾ," ಅಂದಳು ಕೊನೆಗೆ, ತಪ್ಪು ಮಾಡಿದವಳ ದನಿಯಲ್ಲಿ,
"ಮಾಫಿ."

ಕೊಲ್ಲಿಗೆ ಬಂದವರು ಮೊದಲು ಕಲಿಯುವ ಮಾತು ಅದು.
ರಜೆ ಮಾಫಿ. ಸಂಬಳ ಮಾಫಿ.
ಪಾಸ್‌ಪೋರ್ಟ್ ಅರ್ಬಾಬನ ಹತ್ತಿರ, ಕೇಳಿದರೆ ಮಾಫಿ.
ನಮ್ಮೂರ ಸಾಲದ ಪತ್ರದಲ್ಲಿ ಇದೇ ಪದಕ್ಕೆ ಬಿಡುಗಡೆ ಎಂದರ್ಥ,
ಇಲ್ಲಿ, ಇಲ್ಲ ಎಂದು.

ಕೊಡು ಇಲ್ಲಿ, ಅಂದೆ, ಇಪ್ಪತ್ತೆರಡು ವರ್ಷದ ಅಹಂಕಾರದಲ್ಲಿ.
ಉದ್ದಕ್ಕೆ ಹಿಡಿದೆ, ಅಡ್ಡಕ್ಕೆ ಹಿಡಿದೆ, ಮಗ್ಗುಲಾಗಿಸಿ ಬೆನ್ನಿಂದ ನೋಡಿದೆ,
ಕಿಬ್ಬೊಟ್ಟೆಗೂ ಇಳಿದೆ, ದಾರಿ ತಪ್ಪಿ ಅಲ್ಲಿ ಕೂತಿರಬಹುದೆಂದು.
ಮಾಫಿ.
ಗಾಯದ ಗುರುತಿಲ್ಲ. ಯಾರೂ ತೆಗೆದದ್ದಲ್ಲ, ಮಾರಿದ್ದಲ್ಲ,
ಹುಟ್ಟುವಾಗಲೇ ಆ ಹಾಸಿಗೆ ಖಾಲಿ.
ಬಲಗಡೆಯದು ಅದಕ್ಕೇ ದೊಡ್ಡದು, ಇಬ್ಬರ ಕೆಲಸ ಒಬ್ಬನೇ ಮಾಡುತ್ತ
ನಲವತ್ತಮೂರು ವರ್ಷ, ಓವರ್‌ಟೈಮ್ ಕೇಳದೆ.

ಪುಸ್ತಕದಲ್ಲಿ ಇದು ಒಂದು ಸಾಲು: ಸಾವಿರಕ್ಕೊಬ್ಬರಲ್ಲಿ.
ಆ ಸಾವಿರಕ್ಕೊಬ್ಬ ಮಂಚದ ಮೇಲಿಂದ
ನನ್ನ ಮುಖವನ್ನೇ ನೋಡುತ್ತಿದ್ದ.
ಹನ್ನೊಂದನೇ ಮೇಜಿನವನು ನೋಡಿರಲಿಲ್ಲ.

ಚಿತ್ರ ನಿಲ್ಲಿಸಿದೆ. ಹುಡುಗರನ್ನು ಹೊರಗೆ ಕಳಿಸಿದೆ.
ಥುರಯ್ಯಾಳಿಗೆ ಮಾತ್ರ ಉಳಿ ಅಂದೆ, ಕಂಡುಹಿಡಿದವಳು ಅವಳು.
ಅವನ ಕಡಲ ಕಡೆಯ ಕನ್ನಡಕ್ಕೆ ಆದಷ್ಟು ಹತ್ತಿರ ಹೋಗಿ
ಹೇಳಿದೆ. ಎಡಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡ.
"ಒಂದ್ ಎಂಜಿನ್ನಿನ ಬೋಟು," ಅಂದ. ಸ್ವಲ್ಪ ಹೊತ್ತು ಬಿಟ್ಟು,
"ಇದ್ ಮೆಡಿಕಲ್ಲಂಗೆ ಬತ್ತಾ? ಮುಂದಿನ ತಿಂಗ್ಳ್ ವೀಸಾ ರಿನೀವಲ್."

ರಕ್ತ ಪರೀಕ್ಷೆ ಬರೆದೆ. ಬಿ.ಪಿ. ನೋಡಿಸಿಕೊ,
ನೋವಿನ ಮಾತ್ರೆ ಕಂಡಾಬಟ್ಟೆ ನುಂಗಬೇಡ ಅಂದೆ.
ವೀಸಾಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ.

ಒಂದಕ್ಷರ ಕನ್ನಡ ತಿಳಿಯದ ಥುರಯ್ಯಾ
ಟಿಶ್ಯೂ ತೆಗೆದು ಅವನ ಪಕ್ಕೆಯ ಜೆಲ್ಲು ಒರೆಸಿದಳು,
ಬಲಗಡೆ ಚಕಚಕ, ಎಡಗಡೆ ನಿಧಾನ.

ಅಂಕಪಟ್ಟಿಯಲ್ಲೊಂದು ಸಾಲಿದೆ:
ಎಡ ಮೂತ್ರಪಿಂಡ ತೋರಿಸಿದರು, ಎರಡು ಅಂಕ.
ಎರಡೂ ಕೊಟ್ಟೆ.