ತಿಪ್ಪನಿಗೆ ದಣಿವು ಕಲಿಸಿದ್ದು

ಮೂರು ಸಲ ಸಿಕ್ಕಿಬಿದ್ದ ತಿಪ್ಪ, ನಾನು ಬರೆದ ಬಾಟು.
ಒಮ್ಮೆಯೂ ತಪ್ಪದ್ದಕ್ಕೇ ಅನುಮಾನ ಬಂತು
ಆಟದ ಕಾವಲಿನವರಿಗೆ.

ನಾಲ್ಕು ಸೆಕೆಂಡಿಗೊಂದು ಗುದ್ದಲಿಯೇಟು.
ಸರಿಯಾಗಿ ನಾಲ್ಕು.
ಬಂಡೆ ಒಡೆದು, ಅದಿರು ಹೆಕ್ಕಿ, ಚೀಲ ತುಂಬಿದೊಡನೆ
ಅಂಗಡಿಗೆ ನಡೆದು ಸುರಿದು ಮತ್ತೆ ಬಂಡೆ.
ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ
ನಾನು ಮಲಗಿರುತ್ತಿದ್ದೆ.
ನಿದ್ದೆ ಅಂದರೇನೆಂದು ಅವನಿಗೆ ಬರೆದೇ ಇರಲಿಲ್ಲ.

ನಾಲ್ಕನೆಯ ತಿಪ್ಪನನ್ನು ಹುಟ್ಟಿಸುವಾಗ
ಕಿಟಕಿಯ ಪಕ್ಕ ಕೂತಿದ್ದೆ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಮಾಳಿಗೆ ಮೇಲಿನ ಬಾಡಿಗೆ ಕೋಣೆ;
ಕೀಬೋರ್ಡಿನ ಸಂದಿಯಲ್ಲೂ ಹೊಟ್ಟು,
ಮಾನಿಟರು ಮುಟ್ಟಿದರೆ ಬೆರಳಿಗೆ ಮಸಿ.
ಕೆಳಗೆ ಜೈಬುನ್ನಕ್ಕ ಜರಡಿ ಹಿಡಿದಿದ್ದಳು.

ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ, ಸುಮ್ಮನೆ.

ಹನ್ನೊಂದು ಸಲ ಜಾಡಿಸುತ್ತಾಳೆ.
ಹನ್ನೆರಡನೆಯದು ತುಸು ತಡ, ಎಡ ಹೆಗಲಲ್ಲಿ ಏನೋ ಹಿಡಿಯುತ್ತದೆ.
ಹೊಗೆಗೆ ಕೆಮ್ಮು, ಆರು ಸೆಕೆಂಡು.
ಸೆರಗಿನಿಂದ ಕತ್ತು ಒರೆಸಲು ಒಂಬತ್ತು.
ಒಮ್ಮೊಮ್ಮೆ ಬಿಸಿ ಉಸುಕಿನಲ್ಲಿ ಕಾಳು ಅರಳುವ ಸದ್ದಿಗೆ
ಜರಡಿ ಕೈಯಲ್ಲೇ ಮರೆತು ನಿಂತುಬಿಡುತ್ತಾಳೆ,
ಇಪ್ಪತ್ತಮೂರು, ನಲವತ್ತು, ಒಂದು ಸಲ ಎರಡು ನಿಮಿಷ.
ಅದಕ್ಕೆ ಲೆಕ್ಕ ಸಿಗಲಿಲ್ಲ.
ರ್‍ಯಾಂಡಮ್ ಅಂತ ಬರೆದುಕೊಂಡೆ.

ಈಗ ತಿಪ್ಪ ಹನ್ನೊಂದೇಟಿಗೆ ಸುಸ್ತಾಗುತ್ತಾನೆ.
ಹಿಮ ಬೀಳುವ ಆ ಕಣಿವೆಯಲ್ಲಿ
ಇಲ್ಲದ ಕತ್ತಿನ ಇಲ್ಲದ ಬೆವರಿಗೆ
ಒಂಬತ್ತು ಸೆಕೆಂಡು ಕೊಡುತ್ತಾನೆ.
ಗುದ್ದಲಿ ಹೆಗಲಿಗಿಟ್ಟು ಏನೋ ಕೇಳಿಸಿದವನಂತೆ ನಿಲ್ಲುತ್ತಾನೆ.
ಎರಡು ತಿಂಗಳಾಯಿತು, ಯಾರೂ ಹಿಡಿದಿಲ್ಲ.
ಒಂದು ರಾತ್ರಿ ಹಾದುಹೋದ ಯಾರೋ ಆಟಗಾರ
ಅವನ ಕಾಲ ಬಳಿ ರೊಟ್ಟಿಯೊಂದನ್ನು ಇಟ್ಟು ಹೋಗಿದ್ದ.
ಹೆಕ್ಕಲು ಹೇಳಿಕೊಟ್ಟದ್ದು ಅದಿರನ್ನು ಮಾತ್ರ.
ರೊಟ್ಟಿ ಬೆಳಗಿನವರೆಗೂ ಹಿಮದಲ್ಲೇ ಇತ್ತು.

ಮೊನ್ನೆ ಅದಿರು ಮಾರಿದ ದುಡ್ಡಲ್ಲಿ ಮಿರ್ಚಿ ಕಟ್ಟಿಸಿಕೊಂಡು
ಜೈಬುನ್ನಕ್ಕನನ್ನು ಮೇಲೆ ಕರೆದೆ, ಪರದೆ ತೋರಿಸಿದೆ, ಎಲ್ಲ ಹೇಳಿದೆ.
ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.
“ಇವನಿಗೆ ಚೀಲಕ್ಕೆ ಎಷ್ಟು ಕೊಡ್ತೀ?”
ಏನೂ ಇಲ್ಲ ಅಂದೆ.
“ನನ್ನ ಕೆಮ್ಮಿಗೆ?”
ಪೊಟ್ಟಣ ಮುಂದೆ ಸರಿಸಿದೆ.
ಒಂದು ಮುರಿದು, ಊದಿ, ತಿನ್ನುತ್ತಲೇ
“ನಡುವೆ ನಿಂತುಬಿಡ್ತಾನಲ್ಲ, ಆಗ ಏನ್ ಯೋಚ್ನಿ ಮಾಡ್ತಾನ?”
“ಏನಿಲ್ಲಕ್ಕ, ಸುಮ್ನೆ ನಿಲ್ತಾನ.”
“ಮತ್ತೆ ನನ್ನಿಂದ ಏನ್ ಕಲ್ತನಲೇ, ಕೊಟ್ರೇಶಿ”
ಅಂದು ಕೈ ಒರೆಸಿಕೊಂಡು ಮೆಟ್ಟಿಲಿಳಿದಳು.

ಕೆಳಗೆ ಜರಡಿ ಶುರುವಾಯಿತು.
ಎಣಿಸಿದೆ, ಬಿಡಲಾಗದ ಚಟ.
ಏಳಕ್ಕೇ ನಿಂತಿತು.
ತಲೆಯೆತ್ತಿ ನೋಡುತ್ತಿರಬೇಕು.
ನಾನು ಕಿಟಕಿಯಿಂದ ಹಿಂದೆ ಸರಿದೆ.