ಹದಿಮೂರರ ಪಾನಾ

ಮೊದಲು ಬಿಚ್ಚಬೇಕಿದ್ದದ್ದು ಒಂದು ಬೋಲ್ಟು.
ಈಗ ಬೋಲ್ಟಿಗೆ ಕಚ್ಚಿಕೊಂಡ
ಈ ಒಡಕಲು ಸಾಕೆಟ್ಟನ್ನು ಬಿಚ್ಚಬೇಕು,
ಆಮೇಲೆ ಬೋಲ್ಟು.
ಬೆಂಚಿನ ಮೇಲೆ ಹಾಲಪ್ಪನ ಪಂಪು
ಗಂಟಲಿಗೆ ಮೂಳೆ ಸಿಕ್ಕ ನಾಯಿಯ ಹಾಗೆ
ನನ್ನನ್ನೇ ನೋಡುತ್ತದೆ.

ನಲವತ್ತು ತುಂಡಿನ ಪೆಟ್ಟಿಗೆ, ಆರುನೂರೈವತ್ತಕ್ಕೆ.
ಭಾನುವಾರ, ಬಸ್‌ಸ್ಟ್ಯಾಂಡಿನ ಹತ್ತಿರ, ನೀಲಿ ತಾಡಪಾಲಿನ ಮೇಲೆ
ಮದುವೆಮನೆಯ ಬೆಳ್ಳಿಯಂತೆ ಮಿರುಗುತ್ತಿತ್ತು.
‘ಕ್ರೋಮ್ ವೆನೇಡಿಯಂ ಅಕ್ಕಾ, ಓದ್ಕೊಳ್ಳಿ’ ಅಂದ.
ಓದಿದೆ. ಎಲ್ಲದರ ಮೇಲೂ ಬರೆದಿತ್ತು.
ಬರೆಯುವುದಕ್ಕೇನು, ತಗಡೂ ಬೇಡ ಅನ್ನುವುದಿಲ್ಲ.

ಮೂರನೇ ದಿನ ಹೊಳಪು ಎದ್ದಿತು
ಸುಟ್ಟ ಹಪ್ಪಳದ ಗುಳ್ಳೆಯ ಹಾಗೆ.
ಒಂದು ಸಿಪ್ಪೆ ಉಗುರಿನ ಸಂದಿಗೆ ಹೊಕ್ಕು
ರಾತ್ರಿ ಸಾರನ್ನ ಕಲೆಸುವಾಗ ಕಣ್ಣಲ್ಲಿ ನೀರು.
ಹದಿಮೂರು ಅಂತ ಕೊರೆದದ್ದು ಹದಿಮೂರಲ್ಲ,
ಹದಿನಾಲ್ಕೂ ಅಲ್ಲ,
ಯಾವ ಲೆಕ್ಕಕ್ಕೂ ಸಿಗದೆ ನಡುವೆ ಎಲ್ಲೋ ಸಂಸಾರ ಹೂಡಿದೆ.
ಬೋಲ್ಟಿನ ಮೂಲೆಗಳು ಸವೆದು ಗೋಲಿಯಾದವು.
ಕೈ ಜಾರಿ ಗೆಣ್ಣು ಕೇಸಿಂಗಿಗೆ ಬಡಿಯಿತು.
ಮರಕ್ಕೂ ಮರ್ಯಾದೆ ಕೊಟ್ಟು ಬಾಗುವ
ಡ್ರಿಲ್ ಬಿಟ್ಟಿನ ಕತೆ ಬೇರೆಯೇ ಇದೆ, ಬಿಡಿ.

ಉಕ್ಕಿನ ಊರು ಇದು, ಭದ್ರಾವತಿ.
ಪಾಳಿ ಮುಗಿಸಿ ಬಂದು ಅಪ್ಪ ಅಂಗಿ ಕೊಡವಿದರೆ
ನೆಲದ ಮೇಲೆ ಕರಿ ಹುಡಿ;
ನಾನು ಅಯಸ್ಕಾಂತ ಆಡಿಸಿ
ಅದಕ್ಕೆ ಗಡ್ಡ ಬರಿಸುತ್ತಿದ್ದೆ.
ಅಂಥವನ ಮಗಳು ಈಗ
ಬೀಡು ಕೊಂಡು ತಂದು, ಉಕ್ಕೆಂದು ಎಣ್ಣೆ ಒರೆಸುತ್ತೇನೆ.

ಹಿಂದಿನ ಓಣಿಯ ಅರುಳಪ್ಪ, ಟೂಲ್ ರೂಮಿನಲ್ಲಿದ್ದವರು,
‘ಕಣ್ಣಲ್ಲಿ ಕೊಳ್ಳಬೇಡಮ್ಮಾ, ಕಿವಿಯಲ್ಲಿ ಕೊಳ್ಳು.
ಮಡಕೆ ತರುವಾಗ ತಟ್ಟಿ ನೋಡಲ್ವಾ?’ ಅಂದರು.
ತಮ್ಮ ಹಳೆಯ ಹದಿಮೂರನ್ನು ದಾರಕ್ಕೆ ತೂಗುಬಿಟ್ಟು
ಉಗುರಲ್ಲಿ ಮೀಟಿದರು.
ಅದು ಬಹಳ ಹೊತ್ತು ಮಾತಾಡಿತು.
ನನ್ನದು ‘ಥಡ್’ ಎಂದು ಬಾಯಿ ಮುಚ್ಚಿತು.
ಒಂದು ದಿನದ ಮಟ್ಟಿಗೆ ಕೊಡ್ತೀರಾ ಎಂದೆ.
ಅವರು ಬಟ್ಟೆಯಲ್ಲಿ ಸುತ್ತತೊಡಗಿದ್ದರು, ಸುತ್ತುತ್ತಲೇ ಇದ್ದರು.
‘ಬೇಕಿದ್ರೆ ನನ್ನ ಸರ ಕೊಟ್ಟಾರು, ಅದನ್ನ ಕೇಳ್ಬೇಡ’
ಒಳಗಿನಿಂದ ಅವರ ಹೆಂಡತಿ.

ಹನ್ನೊಂದು ವರ್ಷದ ಸತ್ತ ಪಾನಾಗಳನ್ನೆಲ್ಲ
ಗೋಣಿಗೆ ತುಂಬಿ ಗುಜರಿಗೆ ಒಯ್ದೆ.
ಇಲಿಯಾಸ ಒಂದನ್ನು ಕಲ್ಲಿಗೆ ಕುಕ್ಕಿದ.
ರಸ್ಕು ಮುರಿದಂತೆ ಮುರಿಯಿತು.
‘ಕಬ್ಬಿಣದ ರೇಟು ಬರಲ್ಲ ಇದಕ್ಕೆ’ ಅಂದ.
ಒಂಬತ್ತು ಕೆಜಿ.
ಆ ದುಡ್ಡಲ್ಲಿ ಒಳ್ಳೆಯದು ಎರಡು ಸೆಟ್ಟು ಬರುತ್ತಿತ್ತಲ್ಲ ಅಕ್ಕಾ,
ಎಂದು ಅವನ ಹುಡುಗ ಬಾಯಲ್ಲೇ ಲೆಕ್ಕ ಹಾಕಿದ.
ಬರುತ್ತಿತ್ತು, ಮಗಾ.
ನಾಲ್ಕು ಸಾವಿರ ಒಟ್ಟಿಗೆ ಯಾವತ್ತೂ ಇರಲಿಲ್ಲ.
ಆರುನೂರೈವತ್ತು ಯಾವಾಗಲೂ ಇತ್ತು.

ಇನ್ನೊಂದು ಮಾತು, ಹೇಳದೆ ಮುಚ್ಚಬಾರದು.
ಹೋದ ವರ್ಷ ಇದೇ ಪಂಪು ಬಂದಾಗ ಹಾಲಪ್ಪನನ್ನು ಕೇಳಿದ್ದೆ,
‘ಕಂಪನಿ ಬೇರಿಂಗಾ, ಲೋಕಲ್ ಸಾಕಾ?’
ಅವನು ಜೇಬು ಮುಟ್ಟಿ ನೋಡಿ ‘ಸಾಕು’ ಅಂದಿದ್ದ.
ಆ ‘ಸಾಕು’ ಈಗ ಒಳಗೆ ಕರಕರ ಎನ್ನುತ್ತಿದೆ.
ಅದನ್ನು ತೆಗೆಯಲೆಂದೇ ಈ ಬೋಲ್ಟು.
ಗ್ಯಾರಂಟಿ ಚೀಟಿಯಲ್ಲಿ ನನ್ನದೇ ಸಹಿ,
ಮಿರುಗುವ ಶಾಯಿಯಲ್ಲಿ.

ಇವತ್ತು ಮತ್ತೆ ಭಾನುವಾರ.
ತಾಡಪಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಒಂದೊಂದನ್ನೇ ದಾರಕ್ಕೆ ಕಟ್ಟಿ ತಟ್ಟುತ್ತೇನೆ.
ಥಡ್.
ಥಡ್.
‘ಅಕ್ಕಾ, ವ್ಯಾಪಾರ ಮಾಡ್ತೀರಾ ಭಜನೆ ಮಾಡ್ತೀರಾ?’
ಥಡ್.
ನಾಳೆ ಬೆಳಿಗ್ಗೆ ಹಾಲಪ್ಪ ಬರುತ್ತಾನೆ.
ಥಡ್ ಅಂದವುಗಳಲ್ಲೇ
ಒಂಚೂರು ತಡವಾಗಿ ಅಂದದ್ದನ್ನು ಎತ್ತಿ ಹಿಡಿದು
ಇದಕ್ಕೆಷ್ಟು, ಎಂದೆ.